ಹೊರಗಿನಿಂದ ಬರುವ ದತ್ತಾಂಶಕ್ಕೆ ಗುಣಮಟ್ಟದ ಷರತ್ತುಗಳನ್ನು ಬರೆಯುವುದು ಹೇಗೆ?

ಮಲೆನಾಡಿಗ (ಪ್ರಶ್ನೆ):
ಒಂದು ಸಹಕಾರ ಸಂಘದ ಸಾಲದ ಲೆಕ್ಕಕ್ಕೆ ತಂತ್ರಾಂಶ ಸಿದ್ಧಪಡಿಸುತ್ತಿದ್ದೇವೆ. ಸದಸ್ಯರ ಹೆಸರು, ಊರು, ಸರ್ವೆ ನಂಬರ್‌ಗಳು ಶಾಖೆಗಳಿಂದ ಎಕ್ಸೆಲ್ ಕಡತಗಳಲ್ಲಿ ಬರುತ್ತವೆ. ‘ದತ್ತಾಂಶವು ನಿಖರವೂ ಪೂರ್ಣವೂ ಆಗಿರತಕ್ಕದ್ದು’ ಎಂದು ಒಪ್ಪಂದದಲ್ಲಿ ಬರೆದಿದ್ದೆವು. ಮೊದಲ ಕಂತಿನಲ್ಲೇ 5/2 ಎಂಬ ಸರ್ವೆ ನಂಬರ್ ಫೆಬ್ರವರಿ 5ನೆಯ ತಾರೀಖಾಗಿ ಬಂದಿತು. ಕೆಲವು ಹೆಸರುಗಳು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿದ್ದವು. ಕೇಳಿದರೆ ‘ನಮ್ಮಲ್ಲಿ ಸರಿಯಾಗಿಯೇ ಕಾಣುತ್ತದೆ’ ಎನ್ನುತ್ತಾರೆ. ಐಎಸ್‌ಒ 25012 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುವ ದತ್ತಾಂಶ ಗುಣಮಟ್ಟದ 15 ಗುಣಲಕ್ಷಣಗಳನ್ನು ಓದಿದ್ದೇನೆ. ಅವನ್ನು ಇಂಥ ಕಡತಕ್ಕೆ ಅನ್ವಯಿಸುವ ಬಗೆ ತಿಳಿಯುತ್ತಿಲ್ಲ.

ಅಕ್ಷರಜೋಡಕ:
‘ನಿಖರ’ ಎಂಬುದನ್ನು ಯಾವ ಪ್ರೋಗ್ರಾಮೂ ಪರೀಕ್ಷಿಸಲಾರದು. ಒಂದೊಂದು ಕಾಲಂಗೂ ಹೌದು ಅಥವಾ ಅಲ್ಲ ಎಂದು ಉತ್ತರಿಸಬಹುದಾದ ಷರತ್ತನ್ನೇ ಬರೆಯಿರಿ: ಸರ್ವೆ ನಂಬರ್ ಪಠ್ಯರೂಪದಲ್ಲಿರಬೇಕು, ಪಿನ್‌ಕೋಡ್ 6 ಅಂಕಿಗಳದ್ದಾಗಿರಬೇಕು, ಹೀಗೆ. ಹೆಸರುಗಳ ವಿಷಯದಲ್ಲಿ ಶಾಖೆಯವರು ಸುಳ್ಳು ಹೇಳುತ್ತಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳು ಕನ್ನಡದ ಆಕಾರಗಳನ್ನು ರೋಮನ್ ಸಂಕೇತಗಳ ಜಾಗದಲ್ಲಿ ಇರಿಸುತ್ತಿದ್ದುದರಿಂದ ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ. ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆ) ಎಂದಷ್ಟೇ ಬರೆದರೂ ಸಾಲದು: ‘ೊ’ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳಾಗಿಯೂ ಉಳಿಸಬಹುದಾದ ಕಾರಣ, ಕಣ್ಣಿಗೆ ಒಂದೇ ಆದ ‘ಕೊಟ್ರೇಶ’ ಯಂತ್ರಕ್ಕೆ ಇಬ್ಬರು ಸದಸ್ಯರಾಗುತ್ತಾನೆ. ಎನ್‌ಎಫ್‌ಸಿ ರೂಪವನ್ನು (ಇಂಥ ಬಿಡಿ ಸಂಕೇತಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪ) ಕಡ್ಡಾಯ ಮಾಡಿದರೆ ಇದು ತಪ್ಪುತ್ತದೆ. ಆದರೆ ಅರ್ಕಾವತ್ತನ್ನು ತಪ್ಪಿಸಲು ‘ರ’ದ ಬಳಿಕ ಸೇರಿಸುವ ಅದೃಶ್ಯ ಜೋಡಕವನ್ನು ಅದು ತೆಗೆಯುವುದಿಲ್ಲ, ಅದಕ್ಕೆ ಬೇರೆ ನಿಯಮ ಬೇಕು.

ಲೆಕ್ಕದಪುಸ್ತಕ:
ಬಂದ ಸಾಲುಗಳನ್ನು ಪರೀಕ್ಷಿಸಿದರೆ ಬಾರದ ಸಾಲುಗಳು ಗೊತ್ತಾಗುವುದಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಹಳೆಯ ಎಕ್ಸೆಲ್ ನಮೂನೆಯ 65,536 ಸಾಲುಗಳ ಮಿತಿಯಿಂದಾಗಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಹೊರಗುಳಿದವು. ಪ್ರತಿ ಕಡತದ ಜೊತೆಗೆ ಸಾಲುಗಳ ಸಂಖ್ಯೆಯನ್ನೂ ಬಾಕಿ ಸಾಲದ ಒಟ್ಟು ಮೊತ್ತವನ್ನೂ ಪ್ರತ್ಯೇಕವಾಗಿ ಕೇಳಿ.

ಹಳೇಗುಮಾಸ್ತ:
ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಕಡ್ಡಾಯ ಮಾಡಬೇಡಿ. ಹಳೆಯ ಖಾತೆಪುಸ್ತಕದಲ್ಲಿ ಹುಟ್ಟಿದ ದಿನಾಂಕವೇ ಇಲ್ಲದಿರುವಾಗ ಖಾಲಿ ಬಿಡಲು ಅವಕಾಶವಿರದಿದ್ದರೆ, ಕೆಲಸ ಮುಗಿಸಬೇಕಾದ ಗುಮಾಸ್ತರು ಎಲ್ಲರಿಗೂ ಜನವರಿ 1 ಎಂದು ತುಂಬುತ್ತಾರೆ. (ನಾನೂ ತುಂಬಿದ್ದೇನೆ.) ಆಗ ಕಾಲಂ ಭರ್ತಿಯಾಗಿರುತ್ತದೆ, ನಂಬಲು ಮಾತ್ರ ಬರುವುದಿಲ್ಲ. ‘ದಾಖಲೆಯಲ್ಲಿಲ್ಲ’ ಎಂಬ ಆಯ್ಕೆಯನ್ನು ಕೊಡಿ. ಷರತ್ತು ಮುರಿದಾಗ ಇಡೀ ಕಡತ ವಾಪಸಾಗುವುದೋ ಆ ಸಾಲು ಮಾತ್ರ ತಡೆಯಲ್ಲಿ ನಿಲ್ಲುವುದೋ ಎಂಬುದನ್ನೂ ಒಪ್ಪಂದದಲ್ಲೇ ಬರೆಯಿರಿ.

ಮಲೆನಾಡಿಗ:
ಧನ್ಯವಾದಗಳು. ಹಳೆಯ ಫಾಂಟಿನ ಹೆಸರುಗಳನ್ನು ಪರಿವರ್ತಿಸುವ ಹೊಣೆ ಯಾರದ್ದಾಗಬೇಕು?

ಅಕ್ಷರಜೋಡಕ:
ಪರಿವರ್ತನೆ ನಿಮ್ಮದು, ಹೆಸರು ಸರಿಯಿದೆಯೆಂಬ ದೃಢೀಕರಣ ಶಾಖೆಯದು. ಮೂಲ ಕಡತವನ್ನು ಮುಟ್ಟದೆ ಹಾಗೆಯೇ ಇಟ್ಟುಕೊಳ್ಳಿ. ಒತ್ತಕ್ಷರವೊಂದು ತಪ್ಪಿದೆಯೆಂದು ಸದಸ್ಯರು ಬಂದಾಗ ನೋಡಬೇಕಾಗುವುದು ಅದನ್ನೇ.