ಕರ್ನಾಟಕದ ಸಾರ್ವಕಾಲಿಕ ಟೀಮ್: ಹನ್ನೊಂದನೇ ಜಾಗ ನಮ್ಮ ಅರಸೀಕೆರೆ ಜಾನ್ಸನ್‌ಗೆ ಯಾಕೆ ಬೇಡ?

ಅರಸೀಕೆರೆ ಪ್ಯಾಸೆಂಜರ್:
ಭಾನುವಾರ ಮಳೆ ಬಂದು ನಮ್ಮ ಟೆನಿಸ್ ಬಾಲ್ ಮ್ಯಾಚ್ ಹಾಳಾಯಿತು. ಹಾಸನದ ಎನ್.ಆರ್. ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಿಂತವರು ಸುಮ್ನೆ ಇರಲಾರದೆ ಕರ್ನಾಟಕದ ಸಾರ್ವಕಾಲಿಕ ಟೆಸ್ಟ್ ಟೀಮ್ ಕಟ್ಟಲು ಕೂತೆವು. ಹತ್ತು ಹೆಸರು ಹತ್ತೇ ನಿಮಿಷದಲ್ಲಿ ಬಂದವು. ರಾಹುಲ್, ಮಯಾಂಕ್, ದ್ರಾವಿಡ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಕಿರ್ಮಾನಿ, ಕುಂಬ್ಳೆ, ಚಂದ್ರಶೇಖರ್, ಶ್ರೀನಾಥ್, ವೆಂಕಟೇಶ್ ಪ್ರಸಾದ್. ಹನ್ನೊಂದನೆಯವರು ಯಾರು ಅನ್ನುವುದಕ್ಕೆ ಎರಡು ಗಂಟೆ ಜಗಳ, ಟೀ ದುಡ್ಡು ಮಾತ್ರ ನಾನೇ ಕೊಟ್ಟಿದ್ದು.

ನನ್ನ ವೋಟು ವೇಗಿ ಡೇವಿಡ್ ಜಾನ್ಸನ್‌ಗೆ. ಹುಟ್ಟಿದ್ದು ಅರಸೀಕೆರೆಯಲ್ಲಿ. 1995-96ರ ರಣಜಿಯಲ್ಲಿ ಕೇರಳದ ಮೇಲೆ ಒಂದೇ ಮ್ಯಾಚಿನಲ್ಲಿ 152 ರನ್ ಕೊಟ್ಟು 10 ವಿಕೆಟ್ ಕಿತ್ತರು, ಆ ವರ್ಷ ಕಪ್ಪೂ ನಮ್ಮದೇ. 1996ರ ಅಕ್ಟೋಬರ್‌ನಲ್ಲಿ ಶ್ರೀನಾಥ್‌ಗೆ ಗಾಯವಾಗಿ ದೆಹಲಿ ಟೆಸ್ಟ್‌ಗೆ ಇವರನ್ನು ಕರೆದರು. ದ್ರಾವಿಡ್, ಕುಂಬ್ಳೆ, ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್: ಭಾರತ ತಂಡದಲ್ಲಿ ಐದು ಜನ ನಮ್ಮವರು! ಮೊದಲ ವಿಕೆಟ್ ಆಸ್ಟ್ರೇಲಿಯಾದ ಸ್ಲೇಟರ್, ಸ್ಲಿಪ್‌ನಲ್ಲಿ ಅಜರುದ್ದೀನ್ ಹಿಡಿದ ಕ್ಯಾಚ್ ನೋಡಿದವರು ಮರೆತಿರುವುದಿಲ್ಲ. ಸ್ಪೀಡ್ ಇತ್ತು, ಅವಕಾಶ ಸಿಗಲಿಲ್ಲ. ತಪ್ಪಿದ್ದರೆ ಹೇಳಿ.

ಕಾಫಿ ಕಣ, ಮೂಡಿಗೆರೆ:
ಮಾರಾಯ, ಎರಡು ಟೆಸ್ಟ್, ಮೂರು ವಿಕೆಟ್. ಅಷ್ಟೇ. ಅವರು 2024ರಲ್ಲಿ ತೀರಿಕೊಂಡಾಗ ನನಗೂ ಬೇಜಾರಾಗಿತ್ತು, ಆದರೆ ಬೇಜಾರಿಗೆ ಟೀಮ್‌ನಲ್ಲಿ ಜಾಗ ಕೊಡಲು ಆಗುತ್ತಾ? ಮೂರನೇ ವೇಗಿಯೇ ಬೇಕು ಅಂದರೆ ವಿನಯ್ ಕುಮಾರ್ ಇದ್ದಾರೆ. ಫಸ್ಟ್ ಕ್ಲಾಸ್‌ನಲ್ಲಿ 504 ವಿಕೆಟ್, ಕ್ಯಾಪ್ಟನ್ ಆಗಿ 2013-14, 2014-15 ಎರಡು ವರ್ಷ ಬೆನ್ನಿಗೆ ಬೆನ್ನು ರಣಜಿ ಗೆದ್ದವರು. ಟೆಸ್ಟ್ ಆಡಿದ್ದು ಒಂದೇ, ಅದೂ ಪರ್ತ್‌ನಲ್ಲಿ ಚೆನ್ನಾಗಿ ಹೊಡೆಸಿಕೊಂಡರು, ಒಪ್ಪುತ್ತೇನೆ. ಆದರೂ ಹತ್ತು ವರ್ಷಕ್ಕೂ ಜಾಸ್ತಿ ಗಾಡಿ ಎಳೆದವರಿಗೂ ಒಂದು ಸೀಸನ್ ಮಿಂಚಿದವರಿಗೂ ವ್ಯತ್ಯಾಸ ಇದೆ ಅಲ್ವಾ?

ಹಳೇ ರೇಡಿಯೋ:
ನಿಮ್ಮ ಪಟ್ಟಿ ಓದಿ ಕಾಫಿ ಲೋಟ ಕೆಳಗಿಟ್ಟೆ. ಪ್ರಸನ್ನ ಎಲ್ಲಿ? 49 ಟೆಸ್ಟ್, 189 ವಿಕೆಟ್. ಬಾಂಬೆ ಸತತ 15 ಸಲ ರಣಜಿ ಗೆದ್ದು ಕೂತಿತ್ತು. 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಅದನ್ನು ಮುರಿದ ನಮ್ಮ ಟೀಮಿನ ಕ್ಯಾಪ್ಟನ್ ಯಾರು? ಗವಾಸ್ಕರ್‌ನ ಬೋಲ್ಡ್ ಮಾಡಿದ್ದು ಯಾರು? ರೇಡಿಯೋಗೆ ಕಿವಿ ಅಂಟಿಸಿ ಕೂತಿದ್ದ ನಮ್ಮನ್ನು ಕೇಳಿ. ಮೂರನೇ ವೇಗಿ ಅಂತೆ! ಕರ್ನಾಟಕದ ಟೀಮ್‌ನಲ್ಲಿ ಮೂರನೇ ಸ್ಪಿನ್ನರ್‌ಗೆ ಜಾಗ ಇಲ್ಲ ಅಂದರೆ ನಗುತ್ತಾರೆ.

ಸಕಲೇಶಪುರ ಟು ಸಿಯಾಟಲ್:
ಇಲ್ಲಿ ಬೇಸ್‌ಬಾಲ್‌ನವರಿಗೆ ಪ್ರತಿ ವರ್ಷ ಇದೇ ಜಗಳ. ಆಲ್ ಸ್ಟಾರ್ ಮ್ಯಾಚ್‌ಗೆ ಜನರೇ ವೋಟು ಹಾಕಿ ಆಟಗಾರರನ್ನು ಆರಿಸುತ್ತಾರೆ. 1957ರಲ್ಲಿ ಸಿನ್ಸಿನಾಟಿಯ ಜನ ತಮ್ಮೂರ ರೆಡ್ಸ್ ಟೀಮಿನವರಿಗೇ ರಾಶಿ ರಾಶಿ ವೋಟು ಒತ್ತಿಬಿಟ್ಟರು. ಅಲ್ಲಿನ ಪೇಪರ್‌ನವರು ಹೆಸರು ತುಂಬಿಸಿದ ಮತಚೀಟಿಯನ್ನೇ ಅಚ್ಚು ಹಾಕಿ ಹಂಚಿದ್ದರು! ಶುರುವಿನ ಟೀಮ್‌ನಲ್ಲಿ ಏಳು ಜನ ರೆಡ್ಸ್‌ನವರೇ. ಕೊನೆಗೆ ಕಮಿಷನರ್ ಫೋರ್ಡ್ ಫ್ರಿಕ್ ಇಬ್ಬರನ್ನು ತೆಗೆದು ವಿಲ್ಲಿ ಮೇಸ್, ಹ್ಯಾಂಕ್ ಆರನ್ ಅವರನ್ನು ಹಾಕಿದರು, ಜನರ ವೋಟು 1970ರವರೆಗೆ ಬಂದ್. ಅರಸೀಕೆರೆಯವರ ಕೈಗೆ ಮತಚೀಟಿ ಕೊಟ್ಟರೆ ಇದೇ ಆಗುವುದು.

ಆದರೆ ಜಾನ್ಸನ್ ಪರವಾಗಿ ಒಂದು ಮಾತಿದೆ. ಇಲ್ಲಿರುವ 30 ಟೀಮ್‌ಗಳಲ್ಲಿ ಪ್ರತಿಯೊಂದರಿಂದ ಒಬ್ಬರಾದರೂ ಆಲ್ ಸ್ಟಾರ್‌ನಲ್ಲಿ ಇರಲೇಬೇಕು. ಜಿಲ್ಲೆಗೊಬ್ಬರು ಅಂತ ನೀವೂ ರೂಲ್ಸ್ ಮಾಡಿಕೊಂಡರೆ ಹಾಸನದ ಕೋಟಾದಲ್ಲಿ ಬರುತ್ತಾರೆ.

ಅರಸೀಕೆರೆ ಪ್ಯಾಸೆಂಜರ್:
ಕೋಟಾ ಬೇಡ ಸಾರ್, ಅದು ಅವಮಾನ. ಜಾವಗಲ್ ನಮ್ಮ ತಾಲ್ಲೂಕೇ, ಆ ಲೆಕ್ಕದಲ್ಲಿ ಜಾವಗಲ್ ಶ್ರೀನಾಥ್ ಆಗಲೇ ಟೀಮ್‌ನಲ್ಲಿ ಇದ್ದಾರೆ.

ಕಾಫಿ ಕಣ, ಮೂಡಿಗೆರೆ:
ಶ್ರೀನಾಥ್ ಹುಟ್ಟಿದ್ದು ಮೈಸೂರಿನಲ್ಲಿ ಗುರು. ಇನಿಶಿಯಲ್ ನೋಡಿ ಕೋಟಾ ತುಂಬಬೇಡ.

ಟೌನ್ ಕ್ಯಾಂಟೀನ್, ಚಿಕ್ಕಮಗಳೂರು:
ಬ್ಯಾಟಿಂಗ್ ಆರ್ಡರ್ ಯಾರಾದರೂ ನೋಡಿದಿರಾ? ಕಿರ್ಮಾನಿ ಆರನೆಯವರು, ಅವರ ಹಿಂದೆಯೇ ಬಾಲ ಶುರು. ಇದಕ್ಕೆ ಆಲ್‌ರೌಂಡರ್ ಬೇಕು, ವೇಗಿಯೂ ಅಲ್ಲ ಸ್ಪಿನ್ನರೂ ಅಲ್ಲ. ರೋಜರ್ ಬಿನ್ನಿ. 1983ರ ವಿಶ್ವಕಪ್‌ನಲ್ಲಿ 18 ವಿಕೆಟ್, ಎಲ್ಲ ಟೀಮ್ ಸೇರಿ ಅವರದೇ ಜಾಸ್ತಿ. ಟೆಸ್ಟ್ ಟೀಮ್‌ಗೆ ವಿಶ್ವಕಪ್ ಲೆಕ್ಕ ಯಾಕೆ ಅಂದರೆ, ಟೆಸ್ಟ್‌ನಲ್ಲೇ ಈಡನ್‌ನಲ್ಲಿ ಪಾಕಿಸ್ತಾನದ ಆರು ವಿಕೆಟ್ 56 ರನ್‌ಗೆ ತೆಗೆದಿದ್ದಾರೆ, 1987ರಲ್ಲಿ.

ಊರಿನ ಅಭಿಮಾನವೇ ಬೇಕು ಅಂದರೆ ಅದೂ ಇದೆ ನನ್ನ ಹತ್ತಿರ. 1977-78ರ ರಣಜಿಯಲ್ಲಿ ಕೇರಳದ ಮೇಲೆ ಸಂಜಯ್ ದೇಸಾಯಿ 218, ಬಿನ್ನಿ 211, ಇಬ್ಬರೂ ಔಟಾಗದೆ ಮೊದಲ ವಿಕೆಟ್‌ಗೆ 451 ಹೊಡೆದರಲ್ಲ, ಅದು ಎಲ್ಲಿ ಗೊತ್ತಾ? ನಮ್ಮ ಚಿಕ್ಕಮಗಳೂರಿನಲ್ಲಿ. ನಮ್ಮ ಅಪ್ಪ ಇವತ್ತಿಗೂ ಊಟಕ್ಕೆ ಕೂತಾಗ ಇದನ್ನು ಹೇಳುತ್ತಾರೆ, ಪ್ರತಿ ಸಲ ಅವರು ಕೂತಿದ್ದ ಜಾಗ ಬೌಂಡರಿಗೆ ಇನ್ನೂ ಹತ್ತಿರ ಆಗುತ್ತಾ ಬಂದಿದೆ. ಕೇರಳದವರನ್ನು ಸೋಲಿಸುವುದೇ ಅರ್ಹತೆ ಆದರೆ ಬಿನ್ನಿ ಯಾಕಾಗಬಾರದು?

ಕಡೂರು ಜಂಕ್ಷನ್:
ಇಷ್ಟು ಹೊತ್ತಿನಿಂದ ಓದುತ್ತಿದ್ದೇನೆ, ಒಬ್ಬರ ಬಾಯಲ್ಲೂ ವೇದಾ ಕೃಷ್ಣಮೂರ್ತಿ ಹೆಸರು ಬರಲಿಲ್ಲ. ನಮ್ಮ ಕಡೂರಿನ ಹುಡುಗಿ. 2017ರ ಮಹಿಳೆಯರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ ಗೆಲ್ಲಲೇಬೇಕಿದ್ದ ಮ್ಯಾಚಿನಲ್ಲಿ 45 ಬಾಲ್‌ಗೆ 70. ಹಾಸನ, ಚಿಕ್ಕಮಗಳೂರು ಎರಡು ಜಿಲ್ಲೆಯಲ್ಲಿ ಹುಟ್ಟಿದವರದೇ ಟೀಮ್ ಮಾಡಿದರೆ ಮೊದಲ ಹೆಸರು ಅವರದು, ಆಮೇಲೆ ನಿಮ್ಮ ಜಾನ್ಸನ್.

ಹಳೇ ರೇಡಿಯೋ:
ವೇದಾ ಮಾತು ಸರಿ. ಬಿನ್ನಿ ವಾದವೂ ಪರವಾಗಿಲ್ಲ. ಆದರೆ ಪ್ರಸಾದ್‌ನ ತೆಗೆದು ಪ್ರಸನ್ನನ್ನ ಹಾಕಿ, ಹೊಸ ಚೆಂಡು ಶ್ರೀನಾಥ್ ಜೊತೆ ಬಿನ್ನಿ ಹಾಕಲಿ. ಆಗ ನಾನು ಸುಮ್ಮನಾಗುತ್ತೇನೆ.

ಅರಸೀಕೆರೆ ಪ್ಯಾಸೆಂಜರ್:
ಸರಿ, ಬಿನ್ನಿ ಹನ್ನೊಂದನೆಯವರು. 451 ಚಿಕ್ಕಮಗಳೂರಿನಲ್ಲಿ ಅಂತ ನನಗೆ ಗೊತ್ತೇ ಇರಲಿಲ್ಲ. ಪ್ರಸಾದ್‌ನ ಮಾತ್ರ ಮುಟ್ಟಬೇಡಿ, ಚೆನ್ನೈನಲ್ಲಿ ಪಾಕಿಸ್ತಾನದ ಮೇಲೆ 33ಕ್ಕೆ ಆರು ತೆಗೆದವರು. ಜಾನ್ಸನ್ ಹನ್ನೆರಡನೆಯವರು. ಶ್ರೀನಾಥ್‌ಗೆ ಗಾಯವಾದರೆ ಆಗಲೂ ಅವರನ್ನೇ ತಾನೇ ಕರೆದಿದ್ದು?