ವಿಂಡೋಸ್‌ನಲ್ಲಿ ಡಿಎಲ್‌ಓಪನ್: ಲೈಬ್ರರಿ ಹಾಕೋದಾ, ನಾವೇ ಬರೆಯೋದಾ?

ಮಂಡಿಲೆಕ್ಕ: ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಗಳಿಗೆ ಅಂತ ಸಿ ಭಾಷೆಯಲ್ಲಿ ಒಂದು ಬಿಲ್ಲಿಂಗ್ ಪ್ರೋಗ್ರಾಮ್ ಬರೆಯುತ್ತಿದ್ದೇನೆ. ಒಂದೊಂದು ತೂಕದ ಮೆಷಿನ್ ಒಂದೊಂದು ರೀತಿ ಡೇಟಾ ಕಳಿಸುತ್ತದೆ. ಹಾಗಾಗಿ ಮೆಷಿನ್‌ಗೊಂದು ಪ್ಲಗಿನ್ ಮಾಡಿ, ಪ್ರೋಗ್ರಾಮ್ ಓಡುತ್ತಿರುವಾಗಲೇ ಡಿಎಲ್‌ಓಪನ್ ಅನ್ನೋ ಫಂಕ್ಷನ್‌ನಿಂದ ಲೋಡ್ ಮಾಡುತ್ತೇನೆ. ಲಿನಕ್ಸ್‌ನಲ್ಲಿ ಚೆನ್ನಾಗಿ ನಡೀತಿದೆ. ಮಂಡಿಗಳಲ್ಲಿ ಇರೋದು ವಿಂಡೋಸ್. ವಿಂಡೋಸ್‌ಗೆ ಸಿ ಕಂಪೈಲ್ ಮಾಡುವ ಮಿನ್‌ಜಿಡಬ್ಲ್ಯೂನಲ್ಲಿ ಡಿಎಲ್‌ಓಪನ್‌ನ ಹೆಡರ್ ಫೈಲೇ ಇಲ್ಲ ಅಂತ ಕಂಪೈಲ್ ನಿಲ್ಲುತ್ತದೆ. ಡಿಎಲ್‌ಓಪನ್ ಅನ್ನು ವಿಂಡೋಸ್‌ನಲ್ಲಿ ಒದಗಿಸುವ ಡಿಎಲ್‌ಎಫ್‌ಸಿಎನ್-ವಿನ್32 ಲೈಬ್ರರಿ ಹಾಕಿದರೆ ಸಾಕಾ?

ಅಂತರಗಂಗೆ: ಸಾಕು. ಮಿನ್‌ಜಿಡಬ್ಲ್ಯೂ ಕೊಡುವ ಎಂಸಿಸ್2 ಕಿಟ್ ಇದ್ದರೆ ಅದರ ಪ್ಯಾಕೇಜ್ ಹಾಕುವ ಟೂಲ್ ಪ್ಯಾಕ್‌ಮ್ಯಾನ್‌ನಲ್ಲೇ ಸಿಗುತ್ತದೆ. ನೀವು ಅದರೊಳಗಿನ ಯುಸಿಆರ್‌ಟಿ64 ವಿಭಾಗ ಬಳಸುತ್ತಿದ್ದರೆ ಅದರದ್ದೇ ಪ್ಯಾಕೇಜ್ ಹಾಕಿ, ಮಿನ್‌ಜಿಡಬ್ಲ್ಯೂ64ರದ್ದು ಬೇಡ. ವಿಷುವಲ್ ಸ್ಟುಡಿಯೋ ಆದರೆ ವಿಸಿಪಿಕೆಜಿ ಅನ್ನೋ ಪ್ಯಾಕೇಜ್ ಟೂಲ್‌ನಲ್ಲಿದೆ. ಬಿಲ್ಡ್ ಮಾಡೋಕೆ ಸಿಮೇಕ್ ಬಳಸಿದರೆ ಅದರ ಡಿಎಲ್ ಲಿಬ್ಸ್ ವೇರಿಯಬಲ್ ನಂಬಬೇಡಿ, ವಿಂಡೋಸ್‌ನಲ್ಲಿ ಅದು ಖಾಲಿ. ಫೈಂಡ್ ಪ್ಯಾಕೇಜ್‌ನಿಂದ ಲೈಬ್ರರಿಯನ್ನೇ ಹುಡುಕಿಸಿ ಲಿಂಕ್ ಮಾಡಿ. ನಿಮ್ಮ ಕೋಡ್ ಒಂದು ಸಾಲೂ ಬದಲಾಗಲ್ಲ.

ಮಾಲೂರಿನವ: ಇದಕ್ಕೊಂದು ಲೈಬ್ರರಿ ಯಾಕೆ ಸಾರ್? ಒಳಗೆ ಇರೋದು ವಿಂಡೋಸ್‌ನದೇ ಫಂಕ್ಷನ್‌ಗಳು: ಲೋಡ್‌ಲೈಬ್ರರಿ, ಗೆಟ್‌ಪ್ರಾಕ್‌ಅಡ್ರೆಸ್, ಫ್ರೀಲೈಬ್ರರಿ. ಒಂದು ಇಫ್‌ಡೆಫ್ ಹಾಕಿ ನಾವೇ ಬರೆದರೆ ಮುಗೀತು.

ಅಂತರಗಂಗೆ: ಏನು ತಪ್ಪಾಯ್ತು ಅಂತ ಹೇಳುವ ಡಿಎಲ್‌ಎರರ್ ಬಿಟ್ಟಿರಲ್ಲ! ವಿಂಡೋಸ್‌ನ ಗೆಟ್‌ಲಾಸ್ಟ್‌ಎರರ್ ಕೊಡೋದು ಬರೀ ನಂಬರ್, ಅದನ್ನ ಓದುವ ಹಾಗೆ ಮಾಡೋದು ಯಾರು? ಆಮೇಲೆ ಡಿಎಲ್‌ಓಪನ್‌ಗೆ ನಲ್ ಕೊಟ್ಟಾಗ ಲಿನಕ್ಸ್ ಮುಖ್ಯ ಪ್ರೋಗ್ರಾಮ್ ಜೊತೆ ಲೋಡ್ ಆದ ಬೇರೆ ಲೈಬ್ರರಿಗಳಲ್ಲೂ ಹುಡುಕುತ್ತದೆ. ಗೆಟ್‌ಪ್ರಾಕ್‌ಅಡ್ರೆಸ್ ಒಂದೇ ಮಾಡ್ಯೂಲ್ ನೋಡುತ್ತದೆ. ಆ ವ್ಯತ್ಯಾಸವನ್ನೆಲ್ಲ ಈ ಲೈಬ್ರರಿ ಸರಿದೂಗಿಸುತ್ತದೆ.

ಮಾಲೂರಿನವ: ಒಪ್ಪುತ್ತೇನೆ. ಆದರೆ ಎಲ್ಲಾನೂ ಸರಿದೂಗಿಸಲ್ಲ. ಹೆಸರುಗಳನ್ನ ಬೇಕಾದಾಗ ಹುಡುಕು, ಈಗಲೇ ಹುಡುಕು ಅನ್ನುವ ಡಿಎಲ್‌ಓಪನ್‌ನ ಲೇಜಿ, ನೌ ಫ್ಲ್ಯಾಗ್‌ಗಳಿಗೆ ವಿಂಡೋಸ್‌ನಲ್ಲಿ ಅರ್ಥವೇ ಇಲ್ಲ. ಪ್ಲಗಿನ್ ಒಳಗಿಂದ ಮುಖ್ಯ ಪ್ರೋಗ್ರಾಮ್‌ನ ಫಂಕ್ಷನ್ ಕರೆದಿದ್ದರೆ ಲಿನಕ್ಸ್‌ನಲ್ಲಿ ಆ ಹೆಸರುಗಳನ್ನ ಪ್ಲಗಿನ್‌ಗೆ ಕಾಣಿಸುವ ಆರ್‌ಡೈನಾಮಿಕ್ ಆಯ್ಕೆ ಹಾಕಿ ಪಾರಾಗಬಹುದು. ವಿಂಡೋಸ್‌ನಲ್ಲಿ ಪ್ಲಗಿನ್ ಅಂದರೆ ಡಿಎಲ್‌ಎಲ್ ಫೈಲ್, ಅದು ಲಿಂಕ್ ಆಗುವಾಗಲೇ ಎಲ್ಲಾ ಹೆಸರಿಗೂ ಜಾಗ ಗೊತ್ತಿರಬೇಕು. ಕೋಡ್ ಒಂದು ಸಾಲೂ ಬದಲಾಗಲ್ಲ ಅಂತ ಹೇಳಿ ಹುಡುಗರನ್ನ ದಾರಿ ತಪ್ಪಿಸಬೇಡಿ.

ಮಂಡಿಲೆಕ್ಕ: ಹೌದು, ನನ್ನ ಪ್ಲಗಿನ್‌ಗಳು ಲಾಗ್ ಫಂಕ್ಷನ್ ಕರೆಯುತ್ತವೆ. ಅಲ್ಲೇ ಲಿಂಕರ್ ಎರರ್ ಬಂತು.

ಸಿ ಅಕ್ಕ: ಲಾಗ್ ಫಂಕ್ಷನ್‌ನ ಪಾಯಿಂಟರನ್ನ ಒಂದು ಸ್ಟ್ರಕ್ಟ್‌ನಲ್ಲಿಟ್ಟು, ಪ್ಲಗಿನ್ ಶುರುವಾಗುವಾಗ ಕೈಗೆ ಕೊಟ್ಟುಬಿಡಪ್ಪ. ಎರಡೂ ಕಡೆ ನಡೆಯುತ್ತದೆ.

ಮಂಡಿಲೆಕ್ಕ: ಆಯ್ತು ಅಕ್ಕ, ಅದು ಕೆಲಸ ಮಾಡಿತು. ಈಗ ನನ್ನ ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಮಂಡಿಯ ಕಂಪ್ಯೂಟರ್‌ನಲ್ಲಿ 126 ಎರರ್. ಮಾಡ್ಯೂಲ್ ಸಿಗಲಿಲ್ಲ ಅನ್ನುತ್ತದೆ. ಫೈಲ್ ಅಲ್ಲೇ ಕಣ್ಣೆದುರಿಗಿದೆ!

ಸಿ ಅಕ್ಕ: ಸಿಗದೇ ಇರೋದು ನಿನ್ನ ಪ್ಲಗಿನ್ ಅಲ್ಲ, ಅದು ನೆಚ್ಚಿಕೊಂಡಿರುವ ಇನ್ನೊಂದು ಡಿಎಲ್‌ಎಲ್. ಫೈಲ್ ಒಳಗೇನಿದೆ ಅಂತ ತೋರಿಸುವ ಆಬ್ಜ್‌ಡಂಪ್‌ಗೆ ಪಿ ಆಯ್ಕೆ ಕೊಟ್ಟು ನೋಡು, ಡಿಎಲ್‌ಎಲ್ ನೇಮ್ ಅಂತ ಸಾಲುಗಳು ಬರುತ್ತವೆ. ಕಂಪೈಲರ್ ಜೊತೆ ಬರುವ ಜಿಸಿಸಿಯದ್ದೋ ವಿನ್‌ಪಿಥ್ರೆಡ್‌ದೋ ಇರುತ್ತದೆ. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಎಂಸಿಸ್ ಇರೋದರಿಂದ ಗೊತ್ತಾಗಲಿಲ್ಲ. ಅವನ್ನೂ ಜೊತೆಗೆ ಕಾಪಿ ಮಾಡು, ಇಲ್ಲಾ ಸ್ಟ್ಯಾಟಿಕ್ ಆಗಿ ಲಿಂಕ್ ಮಾಡು.

ಇನ್ನೊಂದು ಮಾತು, ಇದು ನಮ್ಮ ಕಡೆಯವರಿಗೇ ಜಾಸ್ತಿ ತಟ್ಟೋದು. ಮಂಡಿಯವರು ಫೋಲ್ಡರ್‌ಗೆ ಕನ್ನಡದಲ್ಲಿ ಹೆಸರಿಟ್ಟಿದ್ದಾರಾ? ಡಿಎಲ್‌ಎಫ್‌ಸಿಎನ್-ವಿನ್32 ಒಳಗೆ ಆನ್ಸಿ ಕಾಲ್‌ಗಳನ್ನ, ಅಂದರೆ ಯುನಿಕೋಡ್ ಅಲ್ಲದ ಹಳೇ ಕಾಲ್‌ಗಳನ್ನ ಬಳಸುತ್ತದೆ. ಕನ್ನಡಕ್ಕೆ ವಿಂಡೋಸ್‌ನಲ್ಲಿ ಆನ್ಸಿ ಕೋಡ್‌ಪೇಜ್, ಅಂದರೆ ಅಕ್ಷರಗಳ ಪಟ್ಟಿ, ಇಲ್ಲವೇ ಇಲ್ಲ. ಹೆಸರು ಪ್ರಶ್ನೆ ಚಿಹ್ನೆಗಳಾಗಿಬಿಡುತ್ತದೆ.

ಮಾಲೂರಿನವ: ನೋಡಿ, ನಾವೇ ಬರೆದಿದ್ದರೆ ಯುನಿಕೋಡ್ ತಗೊಳ್ಳುವ ಲೋಡ್‌ಲೈಬ್ರರಿ ಡಬ್ಲ್ಯೂ ಕರೆಯಬಹುದಿತ್ತು.

ಅಂತರಗಂಗೆ: ವಿಂಡೋಸ್ 10ರ 1903 ಆವೃತ್ತಿಯಿಂದ ಪ್ರೋಗ್ರಾಮ್ ಜೊತೆ ಇಡುವ ಮ್ಯಾನಿಫೆಸ್ಟ್‌ನಲ್ಲಿ ಯುನಿಕೋಡ್‌ನ ಯುಟಿಎಫ್-8 ಕೇಳಬಹುದು. ಆಗ ಆನ್ಸಿ ಕಾಲ್‌ಗೂ ಕನ್ನಡ ಅರ್ಥವಾಗುತ್ತದೆ.

ಮಾಲೂರಿನವ: ಮಂಡಿಗಳಲ್ಲಿ ಇನ್ನೂ ವಿಂಡೋಸ್ 7 ಓಡ್ತಿದೆ ಸಾರ್.

ಮಂಡಿಲೆಕ್ಕ: ನಾನು ನೋಡಿದ ಕಂಪ್ಯೂಟರ್‌ಗಳಲ್ಲೂ 7 ಇದೆ. ಅಂಗಡಿಯ ಹೆಸರನ್ನ ಕನ್ನಡದಲ್ಲಿ ಬರೆಯಬೇಡಿ ಅಂತ ನಾನು ಅವರಿಗೆ ಹೇಳಲ್ಲ. ಲೋಡ್ ಮಾಡುವ ಭಾಗವನ್ನ ಮಾತ್ರ ನಾನೇ ಬರೆಯುತ್ತೇನೆ, ಡಬ್ಲ್ಯೂ ಕಾಲ್ ಹಾಕಿ. ಅಕ್ಕ, ಎರರ್ ಮೆಸೇಜ್‌ಗೆ ಫಾರ್ಮ್ಯಾಟ್‌ಮೆಸೇಜ್ ಡಬ್ಲ್ಯೂ ಸಾಕಲ್ವಾ?

ಸಿ ಅಕ್ಕ: ಸಾಕು. ಬಫರನ್ನ ಲೋಕಲ್‌ಫ್ರೀ ಮಾಡೋದು ಮರೀಬೇಡ.