ಹಳೆಯ ಡೆಸ್ಕ್‌ಟಾಪಿನಿಂದ ತಾನಾಗಿ ಬರುವ ಸದ್ದುಗಳು: ಮೂಲ ಹುಡುಕುವುದು ಹೇಗೆ?

ಡೊಂಬಿವಲಿ ವಾಸಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ವಿಂಡೋಸ್ 7 ಇರುವ ಹಳೆಯ ಡೆಸ್ಕ್‌ಟಾಪ್ ಒಂದಿದೆ. ನಿವೃತ್ತರಾದ ತಂದೆಯವರು ಹೌಸಿಂಗ್ ಸೊಸೈಟಿಯ ಲೆಕ್ಕವನ್ನೂ ಊರಿನ ಜಮೀನಿನ ಪತ್ರಗಳ ಸ್ಕ್ಯಾನ್ ಪ್ರತಿಗಳನ್ನೂ ಅದರಲ್ಲೇ ಇಟ್ಟುಕೊಂಡಿದ್ದಾರೆ. ಅದರ ಇಂಟರ್ನೆಟ್ ಸಂಪರ್ಕ ತೆಗೆಸಿ ಬಹಳ ಕಾಲವಾಯಿತು. ಮಳೆಗಾಲ ಹಿಡಿದಾಗಿನಿಂದ, ಯಾರೂ ಕೀಲಿಮಣೆ ಮುಟ್ಟದೇ ಇರುವಾಗಲೂ ಅದು ‘ಟುಡುಂ’ ಎಂದು ಎರಡು ಸ್ವರದ ಸದ್ದು ಮಾಡುತ್ತದೆ. ಒಮ್ಮೊಮ್ಮೆ ಒಂದೇ ಗಂಟೆಯೊಳಗೆ ಮತ್ತೆ ಮತ್ತೆ ಬಂದು, ಆಮೇಲೆ ದಿನವಿಡೀ ಸುಮ್ಮನಿದ್ದುಬಿಡುತ್ತದೆ. ಪರದೆಯ ಮೇಲೆ ಯಾವ ಸೂಚನೆಯೂ ಕಾಣುವುದಿಲ್ಲ. ಇದಲ್ಲದೆ, ತಂದೆಯವರು ಮಧ್ಯಾಹ್ನ ಊಟಕ್ಕೆಂದು ಎದ್ದುಹೋದಾಗ ಕ್ಯಾಬಿನೆಟ್ಟಿನ ಒಳಗಿನಿಂದ ಕರಕರ ಶಬ್ದ ಕೇಳಿಸುತ್ತದೆ, ಬಂದು ಮೌಸ್ ಅಲ್ಲಾಡಿಸಿದರೆ ನಿಂತುಹೋಗುತ್ತದೆ.

ವೈರಸ್ ಇರಬಹುದೆಂಬುದು ತಂದೆಯವರ ಶಂಕೆ. ರಿಪೇರಿ ಅಂಗಡಿಯವರು ಯಂತ್ರವನ್ನು ನೋಡದೆಯೇ ಮದರ್‌ಬೋರ್ಡ್ ಹೋಗಿದೆ, ಹೊಸದು ಕೊಳ್ಳಿ ಎಂದರು. ಅಷ್ಟು ಖರ್ಚಿಗೆ ಕೈಹಾಕುವ ಮುನ್ನ ಮನೆಯಲ್ಲಿಯೇ ಏನೇನು ಪರೀಕ್ಷಿಸಬಹುದು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು.

ಕೋಥ್ರೂಡಿನ ಓದುಗ

ಡೊಂಬಿವಲಿಯವರೇ, ನೀವು ಹೇಳಿದ ಎರಡು ಸದ್ದುಗಳು ಬೇರೆ ಬೇರೆ ಮೂಲದವು ಎಂದು ನನ್ನ ಊಹೆ, ಆದ್ದರಿಂದ ಅವೆರಡನ್ನೂ ಒಂದೇ ಕಾಯಿಲೆಯ ಲಕ್ಷಣವೆಂದು ಭಾವಿಸುವುದು ಬೇಡ. ಮೊದಲು ಕ್ಯಾಬಿನೆಟ್ಟಿನ ಹಿಂಬದಿಯಲ್ಲಿರುವ ಸ್ಪೀಕರಿನ ಹಸಿರು ಪಿನ್ನನ್ನು ಕಿತ್ತು ಒಂದು ದಿನ ಹಾಗೆಯೇ ಬಿಡಿ. ಆಗ ‘ಟುಡುಂ’ ಕೇಳಿಸದಿದ್ದರೆ ಅದು ವಿಂಡೋಸ್ ನುಡಿಸುತ್ತಿರುವ ಸದ್ದು. ಪಿನ್ ಕಿತ್ತ ಮೇಲೂ ಕೇಳಿಸಿದರೆ ಯುಪಿಎಸ್ ಸೇರಿದಂತೆ ಯಾವುದೋ ಯಂತ್ರಭಾಗದ್ದು.

ವಿಂಡೋಸಿನದ್ದೇ ಎಂದು ಖಾತ್ರಿಯಾದರೆ, ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಸೌಂಡ್’ ತೆರೆದು ‘ಸೌಂಡ್ಸ್’ ವಿಭಾಗಕ್ಕೆ ಹೋಗಿ. ಅಲ್ಲಿರುವ ಪಟ್ಟಿಯಲ್ಲಿ ‘ಡಿವೈಸ್ ಕನೆಕ್ಟ್’, ‘ಡಿವೈಸ್ ಡಿಸ್‌ಕನೆಕ್ಟ್’, ‘ಡಿವೈಸ್ ಫೇಲ್ಡ್ ಟು ಕನೆಕ್ಟ್’ ಎಂಬವನ್ನು ಒಂದೊಂದಾಗಿ ಆರಿಸಿ ‘ಟೆಸ್ಟ್’ ಒತ್ತಿ ತಂದೆಯವರಿಗೆ ಕೇಳಿಸಿ. ಸ್ವರ ಏರಿದರೆ ಯಾವುದೋ ಉಪಕರಣ ಜೋಡಣೆಯಾಯಿತು, ಇಳಿದರೆ ಕಳಚಿತು ಎಂದರ್ಥ. ಯಾರೂ ಏನನ್ನೂ ಕೀಳದೆ ಚುಚ್ಚದೆ ಇರುವಾಗ ಈ ಸದ್ದು ಬರುತ್ತಿದ್ದರೆ, ಯಾವುದೋ ಯುಎಸ್‌ಬಿ ಜೋಡಣೆ ಸಡಿಲಾಗಿ ಬಿಟ್ಟು ಬಿಟ್ಟು ಹಿಡಿಯುತ್ತಿದೆ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಲೋಹದ ತುದಿಗಳಲ್ಲಿ ಕಿಲುಬು ಕಟ್ಟುವುದು ಮಾಮೂಲು. ಯಾವ ಉಪಕರಣವೆಂದು ಪತ್ತೆಹಚ್ಚಲು ‘ಯುಎಸ್‌ಬಿ ಡಿವ್ಯೂ’ ಎಂಬ ಚಿಕ್ಕ ಉಚಿತ ತಂತ್ರಾಂಶವಿದೆ. ಅದನ್ನು ಇನ್‌ಸ್ಟಾಲ್ ಮಾಡಬೇಕಿಲ್ಲ, ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ತಂದು ನಡೆಸಿದರೆ ಸಾಕು. ಯಾವ ಉಪಕರಣ ಎಷ್ಟು ಹೊತ್ತಿಗೆ ಜೋಡಣೆಯಾಯಿತು, ಎಷ್ಟು ಹೊತ್ತಿಗೆ ಕಳಚಿತು ಎಂಬುದನ್ನು ತೋರಿಸುತ್ತದೆ.

ಇನ್ನು ಕರಕರ. ಮೌಸ್ ಮುಟ್ಟಿದರೆ ನಿಲ್ಲುತ್ತದೆ ಎಂಬ ನಿಮ್ಮ ಮಾತೇ ಹಾರ್ಡ್ ಡಿಸ್ಕಿಗೆ ಅರ್ಧ ಖುಲಾಸೆ ಕೊಟ್ಟಂತಿದೆ. ವಿಂಡೋಸ್ 7 ಪ್ರತಿ ಬುಧವಾರ ಬೆಳಗಿನ ಜಾವ 1 ಗಂಟೆಗೆ ಡಿಸ್ಕ್ ಡಿಫ್ರಾಗ್ಮೆಂಟ್ (ಚದುರಿದ ಕಡತದ ತುಣುಕುಗಳನ್ನು ಒಟ್ಟುಗೂಡಿಸುವ ಕೆಲಸ) ಮಾಡುವಂತೆ ಮೊದಲೇ ನಿಗದಿಯಾಗಿರುತ್ತದೆ. ಆ ಹೊತ್ತಿಗೆ ಗೃಹಸ್ಥರ ಮನೆಯ ಕಂಪ್ಯೂಟರ್ ಆನ್ ಇರುವುದಾದರೂ ಎಲ್ಲಿ? ತಪ್ಪಿಹೋದ ಆ ಕೆಲಸವನ್ನು ಅದು ಮುಂದೆ ಯಂತ್ರ ಬಿಡುವಾಗಿರುವಾಗ ಕೈಗೆತ್ತಿಕೊಳ್ಳುತ್ತದೆ, ಬಳಸುವವರು ಮರಳಿ ಬಂದ ಕೂಡಲೇ ನಿಲ್ಲಿಸುತ್ತದೆ.

ವಾಸ್ಕೋ ನಿವಾಸಿ

ಕೋಥ್ರೂಡಿನವರ ವಿಶ್ಲೇಷಣೆಗೆ ನನ್ನ ಸಹಮತವಿದೆ, ಆದರೆ ಕ್ರಮದ ಬಗ್ಗೆ ತಕರಾರಿದೆ. ಜಮೀನಿನ ಪತ್ರಗಳು ಒಂದೇ ಹಳೆಯ ಡಿಸ್ಕಿನಲ್ಲಿರುವಾಗ ಮೊದಲ ಕೆಲಸ ಸ್ಪೀಕರಿನ ಪಿನ್ ಕೀಳುವುದಲ್ಲ, ಆ ಕಡತಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡುವುದು. ಉಳಿದ ಪತ್ತೇದಾರಿಕೆ ಆಮೇಲೆ ಆಗಲಿ.

ಕರಕರ ಎಂದು ಒಂದೇ ಸಮನಿಲ್ಲದೆ ಬರುವ ಸದ್ದು ಡಿಸ್ಕಿನ ಹೆಡ್ (ಓದಿ ಬರೆಯುವ ತುದಿ) ಅತ್ತಿತ್ತ ಓಡಾಡುವಾಗಿನದ್ದು, ಅದಕ್ಕೆ ಅಂಜಬೇಕಿಲ್ಲ. ಅಂಜಬೇಕಾದದ್ದು ಗಡಿಯಾರದಂತೆ ಸಮ ಅಂತರದಲ್ಲಿ ‘ಟಕ್, ಟಕ್’ ಎಂದು ಹೊಡೆದು, ನಡುವೆ ಮೋಟಾರು ನಿಂತು ಮತ್ತೆ ತಿರುಗಲು ಹವಣಿಸುವ ಸದ್ದಿಗೆ. ಹೆಡ್ ತನ್ನ ಜಾಗವನ್ನು ಓದಲಾರದೆ ಮತ್ತೆ ಮತ್ತೆ ಮೊದಲಿನ ಸ್ಥಾನಕ್ಕೆ ಮರಳುವುದರಿಂದ ಅದು ಹುಟ್ಟುತ್ತದೆ. ಅದು ಕೇಳಿಸಿದರೆ ಯಂತ್ರವನ್ನು ಆರಿಸಿಬಿಡಿ. ಡಿಸ್ಕಿನ ದೋಷ ಹುಡುಕಿ ಸರಿಪಡಿಸುವ ವಿಂಡೋಸಿನ ಚೆಕ್‌ಡಿಸ್ಕ್ ನಡೆಸುವ ಸಾಹಸ ಬೇಡ. ಕಂಪ್ಯೂಟರಿನ ಭಾಗಗಳಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ದುರ್ಬಲವಾಗಿದ್ದರೂ ಇದೇ ಬಗೆಯ ಸದ್ದು ಬರುವುದುಂಟು, ಏಕೆಂದರೆ ಡಿಸ್ಕಿನ ಮೋಟಾರು 12 ವೋಲ್ಟಿನ ಮೇಲೆ ನಡೆಯುತ್ತದೆ, ಆ ವೋಲ್ಟೇಜ್ 11.4ಕ್ಕಿಂತ ಕೆಳಗೆ ಇಳಿಯಬಾರದು. ಎಸ್‌ಎಂಪಿಎಸ್ ಡಬ್ಬಿಯನ್ನು ಮಾತ್ರ ನೀವಾಗಿ ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ತು ಉಳಿದಿರುತ್ತದೆ.

ನಕಲು ಮುಗಿದ ಮೇಲೆ ಡಿಸ್ಕಿನ ಆರೋಗ್ಯ ತೋರಿಸುವ ‘ಕ್ರಿಸ್ಟಲ್ ಡಿಸ್ಕ್ ಇನ್ಫೋ’ ತಂತ್ರಾಂಶದಲ್ಲಿ 05, ಸಿ5, ಸಿ6 ಎಂಬ ಮೂರು ಸಾಲುಗಳನ್ನು ನೋಡಿ, ಅಲ್ಲಿರುವ ಅಂಕಿಗಳನ್ನು ಇಲ್ಲಿ ಬರೆಯಿರಿ.

ಡೊಂಬಿವಲಿ ವಾಸಿ

ಇಬ್ಬರಿಗೂ ಧನ್ಯವಾದಗಳು. ಕಡತಗಳ ನಕಲು ಮುಗಿದಿದೆ. ಪಿನ್ ಕಿತ್ತ ಮೇಲೆ ‘ಟುಡುಂ’ ಕೇಳಿಸಲಿಲ್ಲ. ಯುಎಸ್‌ಬಿ ಡಿವ್ಯೂ ತೋರಿಸಿದ ಸಮಯವನ್ನು ನೋಡಿದಾಗ ಕಳಚಿ ಕಳಚಿ ಸೇರುತ್ತಿದ್ದದ್ದು ಪ್ರಿಂಟರ್ ಎಂದು ತಿಳಿಯಿತು. ಅದು ಕಿಟಕಿಯ ಪಕ್ಕದಲ್ಲಿದ್ದು, ಕೇಬಲ್ಲಿನ ಚೌಕ ತುದಿಯ ಒಳಗೆ ಹಸಿರು ಬಣ್ಣದ ಕಿಲುಬು ಕಾಣಿಸಿತು. ಡಿಫ್ರಾಗ್ಮೆಂಟರ್ ಕೊನೆಯ ಬಾರಿ ನಡೆದ ಹೊತ್ತು ತಂದೆಯವರ ಊಟದ ಹೊತ್ತಿಗೆ ಸರಿಹೊಂದುತ್ತದೆ. ಸಿ5 ಮತ್ತು ಸಿ6 ಎರಡೂ ಸೊನ್ನೆ ಇವೆ, 05ರಲ್ಲಿ ಮಾತ್ರ 8 ಎಂದಿದೆ. ಇದರಿಂದ ಅಪಾಯವಿದೆಯೇ?

ವಾಸ್ಕೋ ನಿವಾಸಿ

05ರ ಅರ್ಥ, ಕೆಟ್ಟ ಸೆಕ್ಟರುಗಳ (ದತ್ತಾಂಶ ಇಡುವ ಚಿಕ್ಕ ಭಾಗಗಳ) ಬದಲಿಗೆ ಡಿಸ್ಕು ತನ್ನಲ್ಲಿ ಕಾಯ್ದಿಟ್ಟ ಜಾಗವನ್ನು ಬಳಸಿಕೊಂಡಿದೆ ಎಂದು. 8 ಹಾಗೆಯೇ ನಿಂತಿದ್ದರೆ ಡಿಸ್ಕು ಇನ್ನೂ ಸ್ವಲ್ಪ ಕಾಲ ಬಾಳಬಹುದು. ಅಂಕಿಯನ್ನು ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ. ಏರತೊಡಗಿದರೆ, ಅಥವಾ ಓದಲು ತೊಡಕಾಗಿರುವ ಸೆಕ್ಟರುಗಳ ಲೆಕ್ಕವಾದ ಸಿ5 ಸೊನ್ನೆಯಿಂದ ಕದಲಿದರೆ, ಮುಂಬಯಿಯ ಎಲೆಕ್ಟ್ರಾನಿಕ್ಸ್ ಪೇಟೆಯಾದ ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಬೇರೆ ಸಾಟಾ ಜೋಡಣೆಯ ಡಿಸ್ಕ್ ತನ್ನಿ. ಮದರ್‌ಬೋರ್ಡ್ ಬದಲಿಸಲು ನೀವು ಹೇಳಿದ ಯಾವ ಲಕ್ಷಣದಲ್ಲೂ ಕಾರಣ ಕಾಣುತ್ತಿಲ್ಲ.

ಕೋಥ್ರೂಡಿನ ಓದುಗ

ಪ್ರಿಂಟರಿನ ಕೇಬಲ್ಲನ್ನು ಉಜ್ಜಿ ಉಳಿಸಿಕೊಳ್ಳುವುದಕ್ಕಿಂತ ಹೊಸದು ಕೊಳ್ಳುವುದೇ ಲೇಸು. 5 ಮೀಟರಿಗಿಂತ ಉದ್ದದ್ದು ಬೇಡ, ಯುಎಸ್‌ಬಿ 2.0 ಕೇಬಲ್ಲಿಗೆ ಅದೇ ಮಿತಿ. ಅದನ್ನು ಕ್ಯಾಬಿನೆಟ್ಟಿನ ಮುಂಭಾಗದ ಬದಲು ಹಿಂಭಾಗದ ಪೋರ್ಟಿಗೆ ಸಿಕ್ಕಿಸಿ, ಏಕೆಂದರೆ ಹಿಂಭಾಗದವು ಮದರ್‌ಬೋರ್ಡಿಗೇ ಬೆಸೆದಿರುತ್ತವೆ. ಪ್ರಿಂಟರಿನ ಕಡೆಯ ಪೋರ್ಟಿನೊಳಗೂ ಟಾರ್ಚ್ ಹಾಕಿ ನೋಡಿ. ಅಲ್ಲಿಯೂ ಹಸಿರು ಕಟ್ಟಿದ್ದರೆ ಪ್ಲಗ್ ಕಿತ್ತು, ಐಸೋಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಸಣ್ಣ ಬ್ರಷ್ಷಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸ ಕೇಬಲ್ ಜೋಡಿಸಿ.